‘ಸಾಕು’ ಅಂದ್ರೆ ‘ಹಾಕು’ ಅಂತ ಕೇಳಿಸೋ ಶೆಡ್ಡು: ಪೇವರ್ ಮೆಷಿನ್ ಸದ್ದಿನ ಲೆಕ್ಕ

ಮನೆ ಮುಂದೆ ಪೇವರ್, ಅಂದ್ರೆ ನೆಲಕ್ಕೆ ಹಾಸೋ ಸಿಮೆಂಟ್ ಕಲ್ಲು, ಹಾಕಿಸೋಣ ಅಂತ ಹೋದ ತಿಂಗಳು ಕೊಪ್ಪಳದಿಂದ ಗಿಣಿಗೇರಿ ಕಡೆ ಹೋಗೋ ದಾರಿಯಲ್ಲಿ ಅದನ್ನ ಮಾಡೋ ಒಂದು ಶೆಡ್ಡಿಗೆ ಹೋಗಿದ್ದೆ. ಮೋಲ್ಡ್ (ಅಚ್ಚು) ಬದಲಿಸ್ತಾ ಇದ್ರು, ಹಂಗಾಗಿ ದೊಡ್ಡ ಮೆಷಿನ್ ಬಂದ್ ಇತ್ತು, ಬರೀ ಮಿಕ್ಸರ್ ತಿರುಗ್ತಿತ್ತು. ಮಿಕ್ಸರ್‌ಗೆ ನೀರು ಬಿಡ್ತಿದ್ದ ಹುಡುಗನಿಗೆ ಮೇಸ್ತ್ರಿ ಆ ಕಡೆಯಿಂದ ‘ಸಾಕು’ ಅಂದ. ಹುಡುಗ ಪೈಪ್ ತಿರುವಿ ಇನ್ನೊಂದಿಷ್ಟು ನೀರು ಬಿಟ್ಟ. ‘ಏ ಸಾಕಲೇ!’ ಅಂತ ಮೇಸ್ತ್ರಿ ಓಡಿ ಬಂದ, ಅಷ್ಟೊತ್ತಿಗೆ ಮಾಲು ಅಂಬಲಿ ಆಗಿತ್ತು. ಹುಡುಗನ ಮುಖದಲ್ಲಿ ನಿಜವಾದ ಗೊಂದಲ. ‘ಹಾಕು ಅಂದ್ರಲ್ಲಣ್ಣ ನೀವು’ ಅಂದ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದ್ರೆ ಬೈಕ್ ಹತ್ತಿ ವಾಪಸ್ ಬರೋವಾಗ ಆ ಎರಡು ಪದ ತಲೇಲೇ ಉಳೀತು, ಯಾಕಂದ್ರೆ ‘ಸಾಕು’ಗೂ ‘ಹಾಕು’ಗೂ ಇರೋ ವ್ಯತ್ಯಾಸ ಒಂದೇ ಒಂದು ‘ಸ’. ಆಕಾರ, ಉಕಾರ ಇವೆಲ್ಲ ದಪ್ಪ ದನಿ, ಹೆಚ್ಚಿನ ಜೋರು ಸಾವಿರ ಹರ್ಟ್ಜ್ (ಸೆಕೆಂಡಿಗೆ ಸಾವಿರ ಸಲ ಅಲುಗಾಟ) ಆಸುಪಾಸಿನಲ್ಲಿ, ಅದರ ಕೆಳಗೆ. ‘ಸ’ ಅನ್ನೋ ಸೀಟಿ ತರದ ಸದ್ದು ಮಾತ್ರ 4,000 ಹರ್ಟ್ಜ್ ಮತ್ತು ಅದರ ಮೇಲೆ. ಗದ್ದಲದಿಂದ ಕಿವಿ ಕೆಡೋವಾಗ ಮೊದಲು ಹೊಡೆತ ಬೀಳೋದೂ ಹೆಚ್ಚುಕಮ್ಮಿ ಅಲ್ಲೇ, ಕಿವಿ ಟೆಸ್ಟ್ ಮಾಡಿದ ಗ್ರಾಫ್‌ನಲ್ಲಿ 4,000ದ ಹತ್ರ ಒಂದು ಗುಂಡಿ ಕಾಣಿಸತ್ತೆ. ಅಂಥವನಿಗೆ ಮಾತು ಕೇಳತ್ತೆ, ಆದ್ರೆ ಪದ ತಿಳಿಯಲ್ಲ. ಮನೇಲಿ ‘ಇವನಿಗೆ ಬೇಕಾದ್ದು ಮಾತ್ರ ಕೇಳ್ಸತ್ತೆ’ ಅಂತ ಬೈಸ್ಕೋತಾನೆ. ಆ ಹುಡುಗನಿಗೆ ಹಂಗೇ ಆಗಿದೆ ಅಂತ ಹೇಳೋಕೆ ನಾನೇನು ಡಾಕ್ಟರ್ ಅಲ್ಲ, ಮಿಕ್ಸರ್ ಗರಗರದಲ್ಲಿ ಯಾರಿಗಾದ್ರೂ ಒಂದು ಪದ ತಪ್ಪಬಹುದು. ಆದ್ರೆ ಮಿಕ್ಸರ್ ಪಕ್ಕದಲ್ಲೇ ಇರೋ ಆ ದೊಡ್ಡ ಮೆಷಿನ್ ಏನು ಮಾಡ್ತಿದೆ ಅಂತ ನೋಡೋಕೆ ನಂಗೆ ಅಷ್ಟು ಸಾಕಾಯ್ತು.

ನಮ್ ಕಡೆ ಈಗ ಪೇವರ್ ಇಲ್ಲದ ಓಣಿ ಹುಡುಕ್ಬೇಕು. ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ದುಡ್ಡು ಬಂದ್ರೂ ಪೇವರ್, ಗ್ರಾಮ ಪಂಚಾಯ್ತಿಗೆ ಅನುದಾನ ಬಂದ್ರೂ ಪೇವರ್, ಗುಡಿ ಸುತ್ತ, ಶಾಲೆ ಅಂಗಳ, ಬಸ್‌ಸ್ಟ್ಯಾಂಡ್ ಎಲ್ಲಾ ಕಡೆ. ಜೊತೆಗೆ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ ಕಡೆ ಕರೆಂಟ್ ಫ್ಯಾಕ್ಟರಿಗಳ ಹಾರುಬೂದಿ ರಾಶಿ ಬಿದ್ದಿರತ್ತೆ, ಅದನ್ನ ಇಟ್ಟಂಗಿ ಮಾಡೋ ಶೆಡ್‌ಗಳು ಬೇರೆ. ಇವುಗಳಲ್ಲಿ ಬಹಳಷ್ಟು ಎಂಟು-ಹತ್ತು ಜನರ ಸಣ್ಣ ಘಟಕಗಳು, ಮೇಲೆ ತಗಡು, ಎರಡು ಕಡೆ ಗೋಡೆ, ಒಂದು ಕಡೆ ಟ್ರ್ಯಾಕ್ಟರ್ ಬರೋಕೆ ಬಾಯಿ.

ಮೆಷಿನ್ ಕೆಲಸ ಮಾಡೋದು ಹಿಂಗೆ. ಎರಡು ಶಾಫ್ಟ್, ಅವಕ್ಕೆ ಒಂದು ಕಡೆ ಭಾರ ಇರೋ ತೂಕಗಳು, ಒಂದಕ್ಕೊಂದು ಎದುರುಬದುರು ತಿರುಗ್ತಾವೆ. ಅಡ್ಡಡ್ಡ ಅಲುಗಾಟ ಒಂದನ್ನೊಂದು ಕಡಿದುಹಾಕಿ ಮೇಲೆ-ಕೆಳಗಿನ ಅಲುಗಾಟ ಮಾತ್ರ ಉಳಿಯತ್ತೆ. ಮೋಟಾರು ನಿಮಿಷಕ್ಕೆ 3,000 ಸುತ್ತು ಅಂದ್ರೆ ಸೆಕೆಂಡಿಗೆ 50 ಸಲ ಅಲುಗಾಟ. ಮೋಲ್ಡ್ ಒಳಗಿನ ಒಣ ಮಾಲು, ಅಂದ್ರೆ ತೀರಾ ಕಮ್ಮಿ ನೀರಲ್ಲಿ ಕಲಸಿದ ಕಡಿ, ಎಂ-ಸ್ಯಾಂಡು, ಸಿಮೆಂಟು, ಆ ಅಲುಗಾಟಕ್ಕೆ ಒಂದರೊಳಗೊಂದು ಕೂತು ಗಾಳಿ ಬಿಟ್ಟು ಗಟ್ಟಿಯಾಗತ್ತೆ, ಮೇಲಿಂದ ಹೈಡ್ರಾಲಿಕ್ ಒತ್ತತ್ತೆ. ಮೋಲ್ಡ್ ಕೆಳಗೆ ಒಂದು ಹಲಗೆ ಇರತ್ತೆ, ಕಲ್ಲು ಅದರ ಮೇಲೇ ಹೊರಗೆ ಬರತ್ತೆ. ಹಂಗೆ ಒಂದು ಹಲಗೆ ಮಾಲು ತೆಗೆಯೋಕೆ ಅರ್ಧ ನಿಮಿಷಕ್ಕಿಂತ ಕಡಿಮೆ, ಅದರಲ್ಲಿ ವೈಬ್ರೇಷನ್ ಓಡೋದು ಕೆಲವೇ ಸೆಕೆಂಡು.

ಈಗ ವಿಚಿತ್ರ ನೋಡ್ರಿ. ಸೆಕೆಂಡಿಗೆ 50 ಸಲ ಅಂದ್ರೆ 50 ಹರ್ಟ್ಜ್. ಅದು ಎಷ್ಟು ದಪ್ಪ ದನಿ ಅಂದ್ರೆ ನಮ್ಮ ಕಿವಿಗೆ ಸರಿಯಾಗಿ ಕೇಳೋದೇ ಇಲ್ಲ. ಸದ್ದು ಅಳೆಯೋ ಮೀಟರ್‌ಗೆ ‘ಎ’ ಅನ್ನೋ ಒಂದು ಜರಡಿ ಇರತ್ತೆ, ಮನುಷ್ಯನ ಕಿವಿ ಕೇಳೋ ತರ ಅಳೀಲಿ ಅಂತ. ಆ ಜರಡಿ 50 ಹರ್ಟ್ಜ್ ಸದ್ದಿನಲ್ಲಿ ಸುಮಾರು 30 ಡೆಸಿಬಲ್ ಕಳೆದುಬಿಡತ್ತೆ. ಹಂಗಿದ್ರೂ ಮೆಷಿನ್ ಪಕ್ಕ ಮೀಟರ್ ಇಟ್ರೆ 95 ದಾಟೋದು ಮಾಮೂಲಿ, 100ರ ಮೇಲೆ ಹೋಗೋದೂ ಹೊಸದಲ್ಲ. ಹಂಗಾದ್ರೆ ಆ ಕಿವಿ ಸೀಳೋ ಸದ್ದು ಎಲ್ಲಿಂದ ಬಂತು?

ಕಬ್ಬಿಣಕ್ಕೆ ಕಬ್ಬಿಣ ಬಡಿಯೋದ್ರಿಂದ. ಮೋಲ್ಡು ಅಲುಗೋ ಟೇಬಲ್ ಮೇಲೆ ಗಟ್ಟಿ ಕೂತಿರಲ್ಲ, ಕುಣೀತಿರತ್ತೆ. ಹಲಗೆ ಕೆಳಗಿನ ಕಬ್ಬಿಣದ ಪಟ್ಟಿಗೆ ಬಡೀತಿರತ್ತೆ. ಗಾರ್ಡ್ ತಗಡು, ಹಾಪರ್ (ಮಾಲು ಸುರಿಯೋ ಡಬ್ಬ) ಮುಚ್ಚಳ, ಸಡಿಲಾದ ನಟ್ಟು, ತಿಂದುಹೋದ ರಬ್ಬರ್ ಬುಷ್, ಒಂದೊಂದೂ ತನ್ನ ಪಾಡಿಗೆ ತಾನು ಗಣಗಣ ಅಂತಿರತ್ತೆ. ಈ ಬಡಿತ ಹುಟ್ಟಿಸೋ ಸದ್ದು 50 ಹರ್ಟ್ಜ್‌ನಲ್ಲಿ ಇರಲ್ಲ, ಐನೂರರಿಂದ ನಾಲ್ಕು ಸಾವಿರದವರೆಗೆ ಹರಡತ್ತೆ, ಕಿವಿ ಅತಿ ಚುರುಕಾಗಿರೋ ಜಾಗಕ್ಕೇ ಸೀದಾ ಹೋಗಿ ಬೀಳತ್ತೆ. ಅಂದ್ರೆ ಕಲ್ಲು ಗಟ್ಟಿ ಮಾಡೋ ಅಲುಗಾಟ ಬೇರೆ, ಕಿವಿ ಕೆಡಿಸೋ ಸದ್ದು ಬೇರೆ. ಎರಡನೇದರಲ್ಲಿ ದೊಡ್ಡ ಪಾಲು ಕಾಂಕ್ರೀಟ್‌ಗೆ ತಲುಪದೆ ಸೋರಿಹೋದ ಶಕ್ತಿ.

ಇದನ್ನೇ ಶೆಡ್ಡಿನ ಸಾವ್ಕಾರರಿಗೆ ಹೇಳಿದೆ. ಅವರು ನನ್ನ ಮೇಲಿಂದ ಕೆಳಗೆ ನೋಡಿ ‘ಸದ್ದು ಮಾಡ್ಲಿಲ್ಲಂದ್ರ ಕಲ್ಲು ಗಟ್ಟಿ ಆಗಂಗಿಲ್ರೀ ಸರ’ ಅಂದ್ರು. ಈ ನಂಬಿಕೆ ಬರೀ ಅವರದ್ದಲ್ಲ, ಗಿರಾಕಿಗಳಿಗೂ ಇದೆ, ಮೆಷಿನ್ ಮಾರೋರಿಗೂ ಇದೆ. ಪೂರ್ತಿ ಸುಳ್ಳೂ ಅಲ್ಲ, ಅದನ್ನ ಒಪ್ಪಿಕೊಳ್ಳಬೇಕು. ಒಣ ಮಾಲಿಗೆ ಬರೀ ನಡುಕ ಸಾಲಲ್ಲ, ಹೊಡೆತ ಬೇಕು, ಹಲಗೆ ಎದ್ದು ಬಿದ್ದಾಗಲೇ ಕೆಲವು ಮೆಷಿನ್‌ಗಳಲ್ಲಿ ಮಾಲು ಕೂರೋದು, ಅವನ್ನ ಮಾಡಿರೋದೇ ಹಂಗೆ. ಆದ್ರೆ ಹಾಪರ್ ಮುಚ್ಚಳ ಗಣಗಣ ಅಂದ್ರೆ ಕಲ್ಲಿಗೇನು ಬಂತು? ಮೋಲ್ಡ್ ತುಂಬೋ ಮುಂಚೆನೇ ವೈಬ್ರೇಟರ್ ಶುರು ಮಾಡಿದ್ರೆ ಏನು ಗಟ್ಟಿ ಆಗತ್ತೆ, ಗಾಳಿನಾ? ಖಾಲಿ ಮೋಲ್ಡ್ ಅಲುಗೋವಾಗಲೇ ಸದ್ದು ಅತಿ ಜೋರು, ಯಾಕಂದ್ರೆ ಹಿಡಿದಿಡೋಕೆ ಒಳಗೆ ಮಾಲೇ ಇಲ್ಲ.

ಡೆಸಿಬಲ್ ಲೆಕ್ಕ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಕಾನೂನಿನ ಮಾತು ತಿಳಿಯಲ್ಲ. ಇದು ಕೂಡೋ ಲೆಕ್ಕ ಅಲ್ಲ, ಗುಣಿಸೋ ಲೆಕ್ಕ. 3 ಡೆಸಿಬಲ್ ಏರಿದ್ರೆ ಸದ್ದಿನ ಶಕ್ತಿ ಡಬಲ್, 10 ಏರಿದ್ರೆ ಹತ್ತು ಪಟ್ಟು. ಹಂಗಾಗಿ 95ರ ಎರಡು ಮೆಷಿನ್ ಒಟ್ಟಿಗೆ ಓಡಿದ್ರೆ 190 ಆಗಲ್ಲ, 98 ಆಗತ್ತೆ. ಅದೇ 95ರ ಪಕ್ಕ 80ರ ಜನರೇಟರ್ ಓಡಿದ್ರೂ ಬಂದ್ ಆದ್ರೂ ಮೀಟರ್ ಕದಲಲ್ಲ. ಶೆಡ್ಡಿನಲ್ಲಿ ಅತಿ ಜೋರಾಗಿರೋದು ಯಾವುದೋ ಅದನ್ನೇ ಮೊದಲು ಹಿಡೀಬೇಕು, ಬೇರೆಯದಕ್ಕೆ ಖರ್ಚು ಮಾಡಿದ ದುಡ್ಡು ಹೊಳ್ಯಾಗ ಹುಣಸೆಹಣ್ಣು ತೊಳೆದಂಗೆ. ‘ಎಲ್ಲಾ ಹೊತ್ತೂ ಎಲ್ಲಿ ಓಡತ್ತೆ ಸರ, ಕೂತು ಕೂತು ಓಡತ್ತೆ’ ಅಂತಾರಲ್ಲ, ಅದಕ್ಕೂ ಉತ್ತರ ಇದೇ ಲೆಕ್ಕದಲ್ಲಿದೆ. ಮೂರು ಪಾಲು ಹೊತ್ತಿನಲ್ಲಿ ಒಂದು ಪಾಲು ಮಾತ್ರ 105 ಇದ್ದು ಉಳಿದದ್ದು ಪೂರ್ತಿ ಶಾಂತ ಅಂದ್ಕೊಂಡ್ರೂ ದಿನದ ಸರಾಸರಿ ಇಳಿಯೋದು 5 ಡೆಸಿಬಲ್ ಅಷ್ಟೇ, 100 ಬಂದು ನಿಲ್ಲತ್ತೆ.

100 ಡೆಸಿಬಲ್‌ನಲ್ಲಿ ಎಷ್ಟು ಹೊತ್ತು ನಿಲ್ಲಬಹುದು? ನಮ್ಮ ಕಾರ್ಖಾನೆ ನಿಯಮಗಳಲ್ಲಿ ಬಳಕೆಯಲ್ಲಿರೋ ಪಟ್ಟಿ ಪ್ರಕಾರ 90ಕ್ಕೆ 8 ಗಂಟೆ, 95ಕ್ಕೆ 4, 100ಕ್ಕೆ 2, 105ಕ್ಕೆ 1 ಗಂಟೆ. 5 ಏರಿದಾಗ ಟೈಮ್ ಅರ್ಧ. ಇದು ಅಮೆರಿಕದ ಹಳೇ ಕಾನೂನಿನ ಲೆಕ್ಕ. ಅದೇ ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ನಯಾಷ್ ಹೇಳೋದು ಬೇರೆ: 85ಕ್ಕೆ 8 ಗಂಟೆ, ಅಲ್ಲಿಂದ 3 ಏರಿದಂಗೆಲ್ಲ ಅರ್ಧ. ಹಂಗೆ ಇಳಿಸ್ತಾ ಬಂದ್ರೆ 100ಕ್ಕೆ ಬರೋದು 15 ನಿಮಿಷ. ಒಂದೇ ಶೆಡ್ಡು, ಒಂದೇ ಕಿವಿ, ಒಂದು ಪಟ್ಟಿ 2 ಗಂಟೆ ಅನ್ನತ್ತೆ, ಇನ್ನೊಂದು ಕಾಲು ಗಂಟೆ ಅನ್ನತ್ತೆ. 3 ಏರಿದ್ರೆ ಶಕ್ತಿ ಡಬಲ್ ಅನ್ನೋದು ಲೆಕ್ಕವೇ ಆಗಿರೋವಾಗ ಕಿವಿ ಯಾವ ಪಟ್ಟಿ ಪ್ರಕಾರ ಕೆಡತ್ತೆ ಅಂತ ನೀವೇ ಊಹಿಸ್ಕೊಳ್ಳಿ. ಯುರೋಪಿನವರು 2003ರಲ್ಲೇ 80ಕ್ಕೆ ಎಚ್ಚರಿಕೆ, 85ಕ್ಕೆ ಕ್ರಮ, 87ಕ್ಕೆ ಗಡಿ ಅಂತ ಮಾಡ್ಕೊಂಡ್ರು.

ಇನ್ನೊಂದು ಗೊಂದಲ ಎಲ್ಲರಿಗೂ ಇದೆ, ಸ್ವಲ್ಪ ದಿನದ ಹಿಂದಿನವರೆಗೆ ನಂಗೂ ಇತ್ತು. ‘ಇಂಡಸ್ಟ್ರಿಯಲ್ ಏರಿಯಾಗೆ 75 ಅಲ್ವಾ?’ ಅಂತ. ಆ 75 ಬಂದಿದ್ದು 2000ದ ಶಬ್ದಮಾಲಿನ್ಯ ನಿಯಮದಿಂದ, ಹಗಲು 75, ರಾತ್ರಿ 70. ಅದು ಊರಿನ ಗಾಳಿಯಲ್ಲಿರೋ ಸದ್ದಿಗೆ, ಬೇಲಿ ಹೊರಗಿನವರಿಗೆ. ಬೇಲಿ ಒಳಗೆ ಮೆಷಿನ್‌ಗೆ ಎರಡು ಅಡಿ ದೂರದಲ್ಲಿ ನಿಂತವನಿಗೂ ಅದಕ್ಕೂ ಸಂಬಂಧವೇ ಇಲ್ಲ. ಪಕ್ಕದ ಹೊಲದವನಿಗೆ 75, ಹಲಗೆ ಎತ್ತೋನಿಗೆ 90.

ಈಗ ಯಾಕೆ ಇದನ್ನ ಬರೀತಿದೀನಿ ಅಂದ್ರೆ ಕಾನೂನು ಈಗಷ್ಟೇ ಮಗ್ಗುಲು ಬದಲಿಸಿದೆ. 2025ರ ನವೆಂಬರ್ 21ರಿಂದ ಹಳೇ ಕಾರ್ಮಿಕ ಕಾಯ್ದೆಗಳ ಬದಲು ಕೇಂದ್ರದ ನಾಲ್ಕು ಲೇಬರ್ ಕೋಡ್‌ಗಳು ಜಾರಿಗೆ ಬಂದ್ವು. 1948ರ ಫ್ಯಾಕ್ಟರಿ ಕಾಯ್ದೆ ಪ್ರಕಾರ ಕರೆಂಟ್ ಬಳಸೋ ಜಾಗದಲ್ಲಿ 10 ಜನ ಇದ್ರೆ ಅದು ಫ್ಯಾಕ್ಟರಿ ಅನಿಸ್ಕೋತಿತ್ತು, ಹೊಸ ಕೋಡ್‌ನಲ್ಲಿ 20. ನಮ್ಮ ಪೇವರ್ ಶೆಡ್‌ಗಳು ಈ ಸಂದಿಯಲ್ಲಿ, ಇಲ್ಲಾ ಅದರ ಸ್ವಲ್ಪ ಕೆಳಗೆ ಕೂತಿವೆ. ಹತ್ತರಿಂದ ಹತ್ತೊಂಬತ್ತು ಜನ ಇರೋರು ಸಾಮಾನ್ಯ ಸುರಕ್ಷತೆಯ ಹೊಣೆಯಿಂದ ತಪ್ಪಿಸ್ಕೊಳ್ಳಲ್ಲ, ಆದ್ರೆ ‘ಫ್ಯಾಕ್ಟರಿ’ ಅನ್ನೋ ಹಣೆಪಟ್ಟಿ ಹೋಯ್ತು. ಹತ್ತಕ್ಕಿಂತ ಕಡಿಮೆ ಇದ್ರಂತೂ ಮೊದಲಿಂದಲೂ ಯಾರೂ ಕೇಳ್ತಿರಲಿಲ್ಲ. ಜೊತೆಗೆ ಕರ್ನಾಟಕ 2023ರಲ್ಲೇ ಫ್ಯಾಕ್ಟರಿ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆವರೆಗೆ ದುಡಿಸೋಕೆ ದಾರಿ ಮಾಡಿತ್ತು, ವಾರಕ್ಕೆ 48 ದಾಟಬಾರದು ಅಂತ. 90 ಅನ್ನೋದು 8 ಗಂಟೆಯ ಲೆಕ್ಕ ಅಂತ ಮರೀಬೇಡಿ. 12 ಗಂಟೆ ಆದ್ರೆ ಅದೇ ಪಟ್ಟಿಯ ಗಣಿತದಲ್ಲಿ ಸುಮಾರು 87ಕ್ಕೆ ಇಳೀಬೇಕು, ನಯಾಷ್ ಲೆಕ್ಕದಲ್ಲಿ 83ಕ್ಕೆ.

ಹೊಸ ವ್ಯವಸ್ಥೆಯಲ್ಲಿ 40 ದಾಟಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಹೆಲ್ತ್ ಚೆಕಪ್ ಅಂತ ಸರ್ಕಾರ ಹೇಳಿದೆ. ಒಳ್ಳೇದೇ, ಬಿಪಿ ಶುಗರ್‌ಗೆ ಸರಿ. ಕಿವಿಗೆ ಮಾತ್ರ ಇದು ಮದುವೆ ಮುಗಿದ ಮೇಲೆ ಜಾತಕ ನೋಡಿದಂಗೆ. ಗದ್ದಲದಿಂದ 4,000 ಹರ್ಟ್ಜ್ ಹತ್ರ ಆಗೋ ನಷ್ಟ ಮೊದಲ ಹತ್ತು-ಹದಿನೈದು ವರ್ಷದಲ್ಲೇ ಬಹುಪಾಲು ಆಗಿಹೋಗಿರತ್ತೆ. ನಮ್ಮ ಹುಡುಗರು ಹದಿನೆಂಟಕ್ಕೋ ಇಪ್ಪತ್ತಕ್ಕೋ ಶೆಡ್ಡಿಗೆ ಬರ್ತಾರೆ, ಮೂವತ್ತೈದಕ್ಕೆ ಲೆಕ್ಕ ಚುಕ್ತಾ. ಒಳಕಿವಿಯ ಕೂದಲಿನಂಥ ಕೋಶಗಳು ಒಮ್ಮೆ ಸತ್ರೆ ಮತ್ತೆ ಹುಟ್ಟಲ್ಲ, ಔಷಧಿ ಇಲ್ಲ, ಆಪರೇಷನ್ ಇಲ್ಲ. ಕಿವಿಗೆ ಮಷೀನು ಹಾಕ್ಕೋಬಹುದು, ಅದು ಸದ್ದು ಜೋರು ಮಾಡತ್ತೆ, ಹೋದ ‘ಸ’ವನ್ನ ಮೊದಲಿನಂಗೆ ತಂದುಕೊಡಲ್ಲ.

ಪರಿಹಾರದ ಕಥೆಯೂ ಹಿಂಗೇ. ಗದ್ದಲದಿಂದ ಬರೋ ಕಿವುಡು ಕಾನೂನಿನಲ್ಲಿ ಅಧಿಸೂಚಿತ ಔದ್ಯೋಗಿಕ ಕಾಯಿಲೆ. ಹಳೇ ಕಾರ್ಮಿಕ ಪರಿಹಾರ ಕಾಯ್ದೆಯಿಂದ ಬಂದ ಷರತ್ತು ಏನಂದ್ರೆ ಒಬ್ಬ ಮಾಲೀಕನ ಹತ್ರ ಕನಿಷ್ಠ 6 ತಿಂಗಳು ಬಿಡದೆ ಕೆಲಸ ಮಾಡಿರ್ಬೇಕು. ದಿನಗೂಲಿ, ಹಲಗೆಗಿಷ್ಟು ಅಂತ ಲೆಕ್ಕ, ಸುಗ್ಗಿ ಬಂದ್ರೆ ಗಂಗಾವತಿ ಕಡೆ ಭತ್ತಕ್ಕೆ, ಇಲ್ಲಾಂದ್ರೆ ಬೇರೆ ಶೆಡ್ಡಿಗೆ. ಆರು ತಿಂಗಳು ಅಲ್ಲೇ ಇದ್ದೆ ಅಂತ ಯಾವ ಕಾಗದ ತೋರಿಸ್ತಾನೆ?

ಕೊಪ್ಪಳದಲ್ಲಿ 2025ರಲ್ಲಿ ಬಂದ್ ಆಯ್ತು, ಸ್ವಾಮೀಜಿಗಳಿಂದ ಹಿಡಿದು ಶಾಲೆ ಮಕ್ಕಳವರೆಗೆ ಬೀದಿಗಿಳಿದ್ರು, ಫ್ಯಾಕ್ಟರಿ ಧೂಳಿನ ವಿರುದ್ಧ. ಸರಿಯಾದ ಹೋರಾಟ. ಧೂಳು ಹತ್ತಿ ಬೆಳೆ ಮೇಲೆ ಕೂತು ಕಾಣತ್ತೆ, ಒಣಗಿಸಿದ ಬಟ್ಟೆ ಮೇಲೆ ಕಾಣತ್ತೆ, ಫೋಟೋ ಹೊಡೆದು ವಾಟ್ಸಾಪ್‌ಗೆ ಹಾಕಬಹುದು. ಸದ್ದು ಸಂಜೆ ಆರಕ್ಕೆ ಮೆಷಿನ್ ಜೊತೆ ಬಂದ್ ಆಗಿಹೋಗತ್ತೆ, ಫೋಟೋಕ್ಕೆ ಸಿಗಲ್ಲ. ನಾನು ಫೋನಿನ ಆಪ್‌ನಲ್ಲಿ ಅಳೆಯೋಕೆ ನೋಡಿದೆ, ಮುಳ್ಳು 90 ದಾಟಿ ಒಂದು ಕಡೆ ಹೋಗಿ ಕಚ್ಕೊಂಡು ನಿಂತುಬಿಡ್ತು, ಮೋಲ್ಡ್ ತುಂಬಿದ್ರೂ ಅಷ್ಟೇ, ಖಾಲಿ ಇದ್ರೂ ಅಷ್ಟೇ. ಫೋನ್ ಮೈಕ್‌ನ ತಾಕತ್ತು ಅಲ್ಲಿಗೆ ಮುಗೀತು ಅಂತ ಅರ್ಥ, ಮಾತಾಡೋಕೆ ಮಾಡಿದ ಮೈಕ್ ಅದು. ಒಂದು ಸುಲಭದ ಪರೀಕ್ಷೆ ಇದೆ: ಒಂದು ಮೀಟರ್ ದೂರದಲ್ಲಿರೋನ ಜೊತೆ ಮಾತಾಡೋಕೆ ಕಿರುಚಬೇಕಾದ್ರೆ ಅಲ್ಲಿ 85ಕ್ಕಿಂತ ಜಾಸ್ತಿ ಇದೆ ಅಂತ ತಿಳ್ಕೊಳ್ಳಿ. ಈ ಶೆಡ್ಡಿನಲ್ಲಿ ಕಿರುಚಿದ್ರೂ ಆಗಲ್ಲ, ಕೈಸನ್ನೆನೇ ಭಾಷೆ.

ಇಯರ್ ಪ್ಲಗ್ ಕೊಟ್ರೆ ಮುಗೀತು ಅನ್ನೋರಿಗೆ ಎರಡು ಮಾತು. ಪ್ಯಾಕೆಟ್ ಮೇಲೆ 29 ಅಂತ ಬರೆದಿದ್ರೆ 29 ಕಡಿಮೆ ಆಗತ್ತೆ ಅಂತಲ್ಲ, ಅದರಲ್ಲಿ 7 ಕಳೆದು ಉಳಿದದ್ದನ್ನ ಅರ್ಧ ಮಾಡಿ ಅಂತ ಅಮೆರಿಕದ ಕಾರ್ಮಿಕ ಇಲಾಖೆಯವರೇ ಹೇಳ್ತಾರೆ, ಅಂದ್ರೆ 11. ಎರಡನೇದು, 30 ಡೆಸಿಬಲ್ ತಡೆಯೋ ಪಕ್ಕಾ ಸಾಮಾನನ್ನೇ ಕೊಟ್ರೂ ಎಂಟು ಗಂಟೆಯಲ್ಲಿ ಬರೀ ಅರ್ಧ ಗಂಟೆ ತೆಗೆದಿಟ್ರೆ ಸಿಗೋ ಲಾಭ 12ಕ್ಕೆ ಇಳಿಯತ್ತೆ. ಮೇ ತಿಂಗಳಲ್ಲಿ ತಗಡಿನ ಕೆಳಗೆ ಕೂತು ನೋಡಿ, ಹೊರಗೇ 42 ಡಿಗ್ರಿ, ಕಿವಿ ಮೇಲೆ ಪ್ಲಾಸ್ಟಿಕ್ ಬಟ್ಟಲು ಕಟ್ಕೊಂಡು ಹಲಗೆ ಎತ್ತಿ ಅಂದ್ರೆ ಅರ್ಧ ಗಂಟೆ ಅಲ್ಲ, ಅರ್ಧ ದಿನ ತೆಗೆದಿಡ್ತಾರೆ. ಸಿಮೆಂಟ್ ಕೈಯಲ್ಲಿ ಫೋಮ್ ಪ್ಲಗ್ ಉರುಟಿ ಕಿವಿಗೆ ತೂರಿಸಿದ್ರೆ ಕಿವಿ ಸೋರೋಕೆ ಶುರು ಆಗೋದು ಬೇರೆ ಕಥೆ. ಕೊಡಬಾರದು ಅಂತಲ್ಲ, ಕೊಡಲೇಬೇಕು. ಶುರು ಮಾತ್ರ ಅಲ್ಲಿಂದ ಆಗಬಾರದು.

ಶುರು ಪಾನಾದಿಂದ. ಮೋಲ್ಡ್ ಬಿಗಿ ಮಾಡೋ ಬೋಲ್ಟು, ಬೆಣೆ ಸರಿ ಇವೆಯಾ, ರಬ್ಬರ್ ಬುಷ್ ಸತ್ತುಹೋಗಿದೆಯಾ, ಗಾರ್ಡ್ ತಗಡಿನ ಕೆಳಗೆ ಹಳೇ ಕನ್ವೇಯರ್ ಬೆಲ್ಟ್ ತುಂಡು ಇಡಬಹುದಾ. ಬೆಲ್ಟ್ ತುಂಡಿಗೆ ಬಳ್ಳಾರಿ-ಸಂಡೂರು ಕಡೆ ಬರಗಾಲ ಇಲ್ಲ, ಮೈನಿಂಗ್‌ನವರು ಬಿಸಾಕಿರ್ತಾರೆ. ಕಬ್ಬಿಣದ ಹಲಗೆ ಬದಲು ಮರದ್ದೋ ಗಟ್ಟಿ ಪ್ಲಾಸ್ಟಿಕ್‌ದೋ ಆದ್ರೆ ಬಡಿತದ ಮೊನೆ ಮುರಿಯತ್ತೆ. ಮೋಲ್ಡ್ ತುಂಬಿದ ಮೇಲೇ ವೈಬ್ರೇಟರ್ ಶುರು ಆಗೋ ಹಂಗೆ ಪ್ಯಾನೆಲ್‌ನಲ್ಲಿ ಟೈಮರ್ ಸರಿ ಮಾಡಿಸೋಕೆ ಎಲೆಕ್ಟ್ರಿಷಿಯನ್‌ನ ಒಂದು ದಿನದ ಕೂಲಿ. ಹೈಡ್ರಾಲಿಕ್ ಪಂಪು, ಕಂಪ್ರೆಸರ್ ಗೋಡೆ ಆಚೆ ಹೋಗಲಿ, ಆದ್ರೆ ಆಗಲೇ ಹೇಳಿದ ಲೆಕ್ಕದ ಪ್ರಕಾರ ಮೋಲ್ಡ್ ಕುಣಿತ ನಿಲ್ಲೋ ತನಕ ಅದರಿಂದ ಏನೂ ತಿಳಿಯಲ್ಲ.

ತಗಡಿನ ಶೆಡ್ಡೇ ಅರ್ಧ ಖಳನಾಯಕ. ಬಯಲಲ್ಲಿ ದೂರ ಎರಡು ಪಟ್ಟಾದ್ರೆ ಸದ್ದು 6 ಡೆಸಿಬಲ್ ಇಳಿಯತ್ತೆ, ಒಂದು ಮೀಟರ್‌ನಲ್ಲಿ 100 ಇದ್ರೆ ಎಂಟು ಮೀಟರ್‌ನಲ್ಲಿ 82. ಶೆಡ್ಡಿನೊಳಗೆ ನಾಲ್ಕು ಹೆಜ್ಜೆ ಆದ್ಮೇಲೆ ಇಳಿಯೋದೇ ನಿಲ್ಲತ್ತೆ, ತಗಡಿಗೂ ಗೋಡೆಗೂ ಬಡಿದು ವಾಪಸ್ ಬರ್ತಾ ಇರತ್ತೆ, ಹಂಗಾಗಿ ಮೂಲೆಯಲ್ಲಿ ಸಿಮೆಂಟ್ ಚೀಲ ಬಿಚ್ಚೋ ಅಕ್ಕನಿಗೂ ಹೆಚ್ಚುಕಮ್ಮಿ ಅದೇ ಪಾಲು. ಬಯಲಲ್ಲೇ ಮೊಟ್ಟೆ ಇಟ್ಟಂಗೆ ಬ್ಲಾಕ್ ಇಡ್ತಾ ಮುಂದಕ್ಕೆ ಹೋಗೋ ಮೆಷಿನ್‌ಗಳು ಈ ಒಂದು ವಿಷಯದಲ್ಲಿ ವಾಸಿ. ಹೊರದೇಶದ ದೊಡ್ಡ ಪ್ಲಾಂಟ್‌ಗಳಲ್ಲಿ ಪೂರ್ತಿ ಮೆಷಿನ್ನೇ ಸದ್ದು ಹೀರೋ ಕೋಣೆಯೊಳಗೆ ಇರತ್ತೆ, ಆಪರೇಟರ್ ಹೊರಗೆ. ನಮಗೆ ಅಷ್ಟು ಆಗಲ್ಲ, ಆದ್ರೆ ಮೂರು ಕಡೆ ದಪ್ಪ ರಬ್ಬರ್ ಪರದೆ, ಮೇಲ್ಗಡೆ ಹೀರೋ ಪದರ ಅಂದ್ರೆ ಆಗದ ಮಾತೇನಲ್ಲ. ನಂಗೊಂದು ಹುಚ್ಚು ಯೋಚನೆ: ಬಳ್ಳಾರಿ ಜೀನ್ಸ್ ಯುನಿಟ್‌ಗಳಿಂದ ಟ್ರ್ಯಾಕ್ಟರ್‌ಗಟ್ಲೆ ಕತ್ತರಿಸಿದ ತುಂಡು ಹೊರಗೆ ಬರತ್ತೆ, ಅಮೆರಿಕದಲ್ಲಿ ಹಳೇ ಡೆನಿಮ್‌ನ ಗೋಡೆಯೊಳಗೆ ತುಂಬೋ ಹಾಸು ಮಾಡಿ ಮಾರ್ತಾರೆ, ಇಲ್ಲಿ ಯಾರಾದ್ರೂ ಮಾಡಬಾರದಾ? ಬೆಂಕಿಗೂ ಧೂಳಿಗೂ ಉಪಾಯ ಹುಡುಕ್ಬೇಕು, ಅದೂ ನಿಜ.

ತಾನಾಗೇ ಹರಿದು ಕೂರೋ ಕಾಂಕ್ರೀಟು ಅಂತ ಒಂದಿದೆ, ಜಪಾನಿನಲ್ಲಿ 1980ರ ದಶಕದ ಕೊನೆಗೆ ಒಕಮುರಾ ಅನ್ನೋ ಪ್ರೊಫೆಸರ್ ತಂಡ ಮಾಡಿದ್ದು, ವೈಬ್ರೇಟರ್ರೇ ಬೇಡ. ಕರೆಂಟ್ ಕಂಬ, ಕಾಂಪೌಂಡ್ ಹಲಗೆಗೆ ನಡೆಯತ್ತೆ. ಪೇವರ್‌ಗೆ ಕಷ್ಟ, ಯಾಕಂದ್ರೆ ಒಣ ಮಾಲಿನದ್ದು ಒತ್ತಿದ ತಕ್ಷಣ ಮೋಲ್ಡ್ ಬಿಡತ್ತೆ, ಹರಿಯೋ ಕಾಂಕ್ರೀಟ್ ಗಟ್ಟಿಯಾಗೋ ತನಕ ಮೋಲ್ಡ್‌ನಲ್ಲೇ ಇರ್ಬೇಕು, ಅಷ್ಟು ಮೋಲ್ಡ್ ಎಲ್ಲಿಂದ ತರ್ತೀರಿ.

ಹೋದ ವಾರ ಪೇವರ್ ತರೋಕೆ ಮತ್ತೆ ಹೋದೆ. ಮೇಸ್ತ್ರಿ ನನ್ನ ಮಾತು ತಲೆಗೆ ಹಾಕ್ಕೊಂಡಿದ್ನೋ ಅಥವಾ ಮೋಲ್ಡ್ ಹೆಂಗೂ ಬಿಚ್ಚಿದ್ದಕ್ಕೋ, ನಾಲ್ಕು ಬುಷ್ ಹೊಸದು ಹಾಕಿಸಿ ಬೆಣೆ ಬಡಿದು ಬಿಗಿ ಮಾಡಿದ್ದ, ಹಾಪರ್ ಮುಚ್ಚಳಕ್ಕೆ ಬೆಲ್ಟ್ ತುಂಡು ಕೊಟ್ಟಿದ್ದ. ಮೆಷಿನ್ ಆನ್ ಮಾಡಿದಾಗ ಜೋರೇ ಇತ್ತು, ಆದ್ರೆ ಆ ಗಣಗಣ ಹೋಗಿ ಒಂದು ದಪ್ಪ ಗುಂಯ್ ಉಳಿದಿತ್ತು. ಸಾವ್ಕಾರರು ಆಫೀಸ್ ರೂಮಿಂದ ಚಪ್ಪಲಿ ಹಾಕ್ಕೊಳ್ದೆ ಹೊರಗೆ ಬಂದ್ರು. ‘ಯಾಕಲೇ, ಸದ್ದು ಬ್ಯಾರೆ ಬರಾಕತ್ತೈತಿ?’ ಮೇಸ್ತ್ರಿ ಹೇಳಿದ. ಅವರು ನಂಬಲಿಲ್ಲ, ಆಗಷ್ಟೇ ಬಂದ ಹಲಗೆಯಿಂದ ಹತ್ತು ಕಲ್ಲು, ಹಳೇ ರಾಶಿಯಿಂದ ಹತ್ತು ಕಲ್ಲು ಬೇರೆ ತೆಗೆದಿಡೋಕೆ ಹೇಳಿ ಅವುಗಳ ಮೇಲೆ ಸುಣ್ಣದಲ್ಲಿ ತಾರೀಕು ಬರೆಸಿದ್ರು. 28 ದಿನ ನೀರು ಕುಡಿಸಿ ಟೆಸ್ಟಿಂಗಿಗೆ ಕಳಿಸ್ತಾರಂತೆ.